ಜಲಜಕ್ಕನ ಮನೆಯಲ್ಲಿ ಗುಮ್ಮ

ಹೆಸರು ಕೇಳಿದರೆ ನಗು ಬರುತ್ತೆ, ನಗಬೇಡಿ. ಹುಬ್ಬಳ್ಳಿಯ ಸಂತೋಷಕುಮಾರ, ವಯಸ್ಸು ಮೂವತ್ತೆಂಟು, ವಾರವೆಲ್ಲಾ ರೆಡ್‌ವುಡ್ ಸಿಟಿಯ ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗು. ಶನಿವಾರ ಬಂತೆಂದರೆ ಕರಿ ಮುಖವಾಡ ಏರಿಸಿಕೊಂಡು 'ಗುಮ್ಮ' ಆಗಿಬಿಡುತ್ತಿದ್ದ. ಹೇವರ್ಡ್, ವಲೇಹೊ, ಸ್ಟಾಕ್‌ಟನ್ ಅಂತ ಊರೂರಿನ ಬಾಡಿಗೆ ಹಾಲ್‌ಗಳಲ್ಲಿ ಒಂಬತ್ತು ವರ್ಷದಿಂದ ಕುಸ್ತಿ. ಗೆಲ್ಲೋರು ಯಾರು, ಸೋಲೋರು ಯಾರು ಅಂತ ಮೊದಲೇ ಮಾತಾಗಿರುವ ಕುಸ್ತಿ. ಗುಮ್ಮ ಯಾವಾಗಲೂ ಖಳ. ಮುನ್ನೂರು ಜನ ಎದ್ದು ನಿಂತು "ಗೂಮಾ, ಗೂಮಾ" ಅಂತ ಅವನನ್ನು ಬೈದು ಕೂಗುವಾಗ ಆಗುತ್ತಿದ್ದ ಖುಷಿ ಆಫೀಸಿನ ಯಾವ ಪ್ರಮೋಷನ್ನಿನಲ್ಲೂ ಆಗಿರಲಿಲ್ಲ.

ಈ ಕಸುಬಿಗೆ ಎರಡು ಕಟ್ಟಳೆ. ಮುಖವಾಡದ ಹಿಂದೆ ಯಾರಿದ್ದಾರೆ ಅಂತ ಜೊತೆಯವರು ಹೆತ್ತ ತಾಯಿಗೂ ಹೇಳಬಾರದು. ಎರಡನೆಯದು, ಎದುರಾಳಿಯನ್ನು ತಲೆಕೆಳಗಾಗಿ ಎತ್ತಿ ಒಗೆಯುವ ಮೊದಲು ಅವನ ಕೈಯನ್ನು ಮೆಲ್ಲಗೆ ಹಿಂಡಬೇಕು. ಅವನೂ ತಿರುಗಿ ಹಿಂಡಿದರೆ ನಾನು ಸರಿ ಇದ್ದೀನಿ, ಎತ್ತು ಅಂತ ಅರ್ಥ. ಹಿಂಡದಿದ್ದರೆ ಎತ್ತಕೂಡದು. ಅಷ್ಟೇ, ಅದರಲ್ಲಿ ಎರಡು ಮಾತಿಲ್ಲ.

ಮಾರ್ಚ್ ತಿಂಗಳ ಆ ಶನಿವಾರ ಎದುರಿಗಿದ್ದವನು ಅನಿಕೇತ. ಫ್ರೀಮಾಂಟಿನಲ್ಲೇ ಹುಟ್ಟಿ ಬೆಳೆದವನು, ಇಪ್ಪತ್ತಾರು ವರ್ಷ, ಸಂತೋಷಕುಮಾರನೇ ಪಳಗಿಸಿದ ಕುಸ್ತಿಗಾರ. ಅವನ ಅಮ್ಮ ಜಲಜಕ್ಕ ಅವತ್ತೇ ಮೊದಲ ಸಲ ನೋಡಲು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಆಟದ ನಡುವೆ ಅನಿಕೇತನ ತಲೆ ರಿಂಗಿನ ಕಂಬಕ್ಕೆ ಬಡಿಯಿತು. ಗುಮ್ಮ ಅವನನ್ನು ಹಿಡಿದು ಕೈ ಹಿಂಡಿದ. ಉತ್ತರವಿಲ್ಲ. ಇನ್ನೊಮ್ಮೆ ಹಿಂಡಿದ. ಕೈ ಒದ್ದೆ ಬಟ್ಟೆಯ ಹಾಗೆ ಜೋತಾಡುತ್ತಿತ್ತು. ಅಷ್ಟರಲ್ಲಿ ಜನ ಗೂಮಾ ಗೂಮಾ ಅಂತ ಕಾಲು ಬಡಿಯತೊಡಗಿದರು ನೋಡಿ, ಇವನ ಬುದ್ಧಿಗೆ ಮಂಕು ಕವಿಯಿತು. ಅಯ್ಯೋ, ಮಂಕು ಕವಿಯಿತು ಅನ್ನೋದೂ ಸುಳ್ಳೇ. ಗೊತ್ತಿದ್ದೂ ಗೊತ್ತಿದ್ದೂ ಎತ್ತಿ ಒಗೆದ.

ಅನಿಕೇತನ ಕತ್ತಿನ ಮೂಳೆ ಬಿರುಕು ಬಿಟ್ಟಿತು. ಹನ್ನೊಂದು ವಾರ ಪಟ್ಟಿ ಹಾಕಿಕೊಂಡೇ ಇರಬೇಕಾಯಿತು. ಅವನಿಗೋ ಆ ಐದು ನಿಮಿಷದ ನೆನಪೇ ಅಳಿಸಿಹೋಗಿತ್ತು. "ಮೈ ಫಾಲ್ಟ್, ಅಂಕಲ್. ಬೀಳೋವಾಗ ಗದ್ದ ಒಳಗೆ ಎಳ್ಕೊಳೋದು ಮರ್ತಿರ್ಬೇಕು," ಅಂದ ಆಸ್ಪತ್ರೆಯಲ್ಲಿ. ಅಲ್ಲ ಕಣೋ, ತಪ್ಪು ನಂದು ಅನ್ನಲು ಎಷ್ಟು ಹೊತ್ತು ಬೇಕು? ಅಂಕಲ್ ಬಾಯಿ ಬಿಡಲಿಲ್ಲ. ಹೇಡಿ.

ಬಾಯಿ ಬಿಡುವ ಬದಲು ಸೇವೆಗೆ ನಿಂತ. ಭಾನುವಾರ ಬಂದರೆ ಕೊಲ್ಲಿಯ ಸೇತುವೆ ದಾಟಿ ಫ್ರೀಮಾಂಟಿಗೆ ಹಾಜರು. ಗ್ರೋಸರಿ ತರೋದು, ಅನಿಕೇತನನ್ನು ಥೆರಪಿಗೆ ಕರಕೊಂಡು ಹೋಗೋದು, ಹಿತ್ತಲ ಹುಲ್ಲು ಕತ್ತರಿಸೋದು. ಜಲಜಕ್ಕನ ಲೆಕ್ಕದಲ್ಲಿ ಇವನು ರಿಂಗು ಕಟ್ಟುವವನು, ಹಗ್ಗ ಬಿಗಿಯುವವನು.

"ನಿನ್ನಂಥೋರು ಸಿಗಲ್ಲ ಕಣಪ್ಪ," ಅನ್ನುತ್ತಾ ತುಪ್ಪ ಹಾಕುತ್ತಿದ್ದರು. "ಆ ಗುಮ್ಮ ಯಾವನೋ, ಒಂದು ದಿನ ಬಂದು ಮುಖ ತೋರಿಸಿದ್ನಾ? ಅವನ ಕೈ ಸೇದಿಹೋಗ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಎಡಗೈಯನ್ನು ಮೇಜಿನ ಕೆಳಗೆ ಎಳೆದುಕೊಳ್ಳುತ್ತಿದ್ದ. ಅನಿಕೇತ ತಟ್ಟೆ ನೋಡುತ್ತಾ ತುಟಿಯೊಳಗೇ ನಗುತ್ತಿದ್ದ. ಅಮ್ಮನಿಗೂ ಹೇಳದೆ ಗುಟ್ಟು ಕಾಯುತ್ತಿದ್ದನಲ್ಲ, ಪುಣ್ಯಾತ್ಮ.

ಪಟ್ಟಿ ಬಿಚ್ಚಿದ ವಾರ, ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದರು. ಜಲಜಕ್ಕ ಹುಳಿ ತರಲು ಒಳಗೆ ಹೋದದ್ದೇ ಅನಿಕೇತ ಮುಂದೆ ಬಾಗಿದ.

"ಇನ್ನು ಎರಡು ತಿಂಗಳು, ಅಂಕಲ್. ಡಾಕ್ಟರ್ ಓಕೆ ಅಂದ್ರೆ ಫಸ್ಟ್ ಮ್ಯಾಚು ನಿಮ್ ಜೊತೇನೇ. ಅದೇ ಥ್ರೋ. ಬೇರೆ ಯಾರನ್ನೂ ನಾನು ಟ್ರಸ್ಟ್ ಮಾಡಲ್ಲ."

ಇನ್ನೂ ಸುಮ್ಮನಿದ್ದರೆ ಇವನು ಆ ಕುತ್ತಿಗೆಯನ್ನು ಮತ್ತೆ ನನ್ನ ಕೈಗೆ ಕೊಡುತ್ತಾನೆ ಅನ್ನಿಸಿ ಸಂತೋಷಕುಮಾರನಿಗೆ ಹೆದರಿಕೆಯಾಯಿತು.

"ನೀ ಏನೂ ತಪ್ಪು ಮಾಡಿಲ್ಲೋ ತಮ್ಮಾ," ಅಂದ. "ನಾ ಕೈ ಹಿಂಡಿದೆ, ನೀ ತಿರುಗಿ ಹಿಂಡಲಿಲ್ಲ. ಎರಡನೇ ಸಲಾನೂ ಹಿಂಡಲಿಲ್ಲ. ನಿನಗ ಎಚ್ಚರ ಇಲ್ಲಂತ ನನಗ ಗೊತ್ತಿತ್ತು. ಜನ ಕೂಗಿದ್ರು, ಎತ್ತಿಬಿಟ್ಟೆ."

"ಎರಡ್ ಸಲ ಹಿಂಡಿದ್ರಾ?"

"ಎರಡು ಸಲ."

ಅನಿಕೇತ ತನ್ನ ಬಲಗೈ ನೋಡಿಕೊಂಡ. "ಹನ್ನೊಂದು ವಾರ ನಾನು ಯೂಸ್‌ಲೆಸ್ ಅಂದ್ಕೊಂಡಿದ್ದೆ," ಅಂದ. "ನೀವು ಇಲ್ಲೇ ಕೂತು ಊಟ ಮಾಡ್ತಿದ್ರಿ."

ಹುಳಿಯ ಪಾತ್ರೆ ಹಿಡಿದು ಜಲಜಕ್ಕ ಬಂದರು. ಅನಿಕೇತ ತಲೆಯೆತ್ತದೆ ಹೇಳಿದ.

"ಅಮ್ಮ, ಆ ಗುಮ್ಮ ಇವ್ರೇ."

ಜಲಜಕ್ಕ ಮಗನನ್ನು ನೋಡಿದರು, ಆಮೇಲೆ ಇವನನ್ನು. ನಿಜವಾ ಅಂತ ಕೇಳಲಿಲ್ಲ. ಇವನ ಮುಖವೇ ಹೇಳುತ್ತಿತ್ತು. "ಅಕ್ಕಾರ..." ಅಂತ ಸಂತೋಷಕುಮಾರ ಏಳಲು ಹೋದ.

"ಕೂತ್ಕೋ," ಅಂದರು. ಅವನ ಅನ್ನದ ಮೇಲೆ ಹುಳಿ ಹಾಕಿದರು. "ಊಟಕ್ಕೆ ಕೂತೋರನ್ನ ಎಬ್ಬಿಸೋ ಮನೆತನ ಅಲ್ಲ ನಮ್ಮದು. ಉಂಡು ಹೋಗಪ್ಪ. ಇನ್ಮೇಲೆ ಬರಬೇಡ."

ಅನಿಕೇತ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಸಂತೋಷಕುಮಾರನಿಗೆ ಅನ್ನ ಬಿಟ್ಟು ಏಳುವ ಧೈರ್ಯವೂ ಬರಲಿಲ್ಲ. ಅವನು ಮುಗಿಸುವವರೆಗೆ ಜಲಜಕ್ಕ ಪಕ್ಕದಲ್ಲೇ ನಿಂತಿದ್ದರು. ಹುಳಿಯನ್ನ ಮುಗಿದಾಗ ಇನ್ನೊಂದಿಷ್ಟು ಅನ್ನ ಹಾಕಿ, ಮೊಸರು ಬಡಿಸಿದರು. ಮೊಸರನ್ನಕ್ಕೆ ಉಪ್ಪಿರಲಿಲ್ಲ. ಕೇಳಲು ಅವನಿಗೆ ಬಾಯಿ ಬರಲಿಲ್ಲ.