ಎರಡು ಗೆರೆ ಚಾರ್ಜು

ಮಾವ ಬ್ರೇಕ್ ಒತ್ತಿದ ರಭಸಕ್ಕೆ ಟೈಲರಮ್ಮನ ಮಡಿಲಲ್ಲಿದ್ದ, ಈಜುಟೋಪಿಗೆ ಅಂಟಿಸುವ ನಂಬರ್ ಪಟ್ಟಿಗಳೆಲ್ಲ ಕಾರಿನೊಳಗೆ ಹಾರಿಬಿದ್ದವು. ಒಂಬತ್ತನೇ ನಂಬರು ಬಂದು ನನ್ನ ತೊಡೆಯ ಮೇಲೆ ಕೂತಿತು.

"ಎರಡೇ ಗೆರೆ!" ಎಂದ ಮಾವ. ಒಂದು ಕೈ ಸ್ಟೀರಿಂಗ್ ಮೇಲೆ, ಇನ್ನೊಂದರಲ್ಲಿ ವಾಕಿಟಾಕಿ. "ನಿನ್ನೆ ಊಟ ಆದ್ಮೇಲೆ ಚಾರ್ಜಿಗೆ ಹಾಕಿದೀನಿ. ಬೆಳಿಗ್ಗೆ ನಾಲ್ಕು ಗೆರೆ ಇರ್ಬೇಕು. ಎರಡೇ ಇದೆ."

ನಾನು ಹಿಂದಿನ ಸೀಟಿನಲ್ಲಿದ್ದ ಬಿಸ್ಕತ್ ಡಬ್ಬಿ ತೆಗೆದು ಜೊತೆಯದನ್ನೂ ನೋಡಿದೆ. ಅದರಲ್ಲೂ ಎರಡು.

ನನ್ನ ಪಕ್ಕದಲ್ಲಿ ಕೂತಿದ್ದ ಅಜ್ಜಿ ಕಿಟಕಿಯಾಚೆ ನೋಡತೊಡಗಿದಳು. ಆಚೆ ಒಂದು ಗೋಡೆ ಬಿಟ್ಟರೆ ಬೇರೇನೂ ಇರಲಿಲ್ಲ. ಅಷ್ಟು ಅಕ್ಕರೆಯಿಂದ ಗೋಡೆ ನೋಡುವವರನ್ನು ನಾನು ಕಂಡಿಲ್ಲ.

"ಅಮ್ಮಾ," ಎಂದ ಮಾವ, ಹಿಂತಿರುಗದೆ.

"ಎರಡು ಗೆರೆ ಬಂತು, ಪ್ಲಗ್ ಕಿತ್ತೆ," ಎಂದಳು ಅಜ್ಜಿ ಗೋಡೆಗೆ. "ಚೀಟಿ ಬರೆದು ಅಂಟಿಸಿದ್ದು ಯಾರು? ನಾನಾ?"

ಚೀಟಿ ಡಬ್ಬಿಯ ಮುಚ್ಚಳದ ಒಳಗೇ ಇತ್ತು. ಮಾವನ ದುಂಡು ಅಕ್ಷರ: ಪೂರ್ತಿ ತುಂಬಿಸಿ ಇಡಬಾರದು. ಪೂರ್ತಿ ಖಾಲಿಯಾಗಲೂ ಬಿಡಬಾರದು. ಎರಡು ಗೆರೆ ಸಾಕು. ಮೂರು ತಿಂಗಳಿಗೊಮ್ಮೆ ನೋಡಿ. ತಣ್ಣಗಿರುವ ಜಾಗದಲ್ಲಿಡಿ. ಸ್ಪರ್ಧೆಯ ಹಿಂದಿನ ದಿನ ಮಾತ್ರ ಪೂರ್ತಿ ತುಂಬಿಸಬೇಕು ಎಂದು ಮಾವ ಬರೆದಿರಲಿಲ್ಲ. ಅದು ತನ್ನ ಕೆಲಸವಲ್ಲವೇ, ಬರೆಯುವುದೇಕೆ ಅಂದುಕೊಂಡಿದ್ದ.

ಮಾವ ಕ್ರೇನ್ ಓಡಿಸುವವನು. ವರ್ಷಕ್ಕೊಂದು ದಿನ ಮಾತ್ರ ಅವನು ಈಜು ಸಂಘದ ಸಂಪರ್ಕಾಧಿಕಾರಿ. ಕೆರೆಯ ಈ ದಡದಿಂದ ಆ ದಡಕ್ಕೆ ಎರಡೂವರೆ ಕಿಲೋಮೀಟರ್ ಈಜು. ಊರಿಗೂ ಕೆರೆಗೂ ನಡುವೆ ಗುಡ್ಡವೊಂದು ಅಡ್ಡಗಾಲು ಹಾಕಿಕೊಂಡು ಕೂತಿರುವುದರಿಂದ ದಡದಲ್ಲಿ ಫೋನ್ ಹಿಡಿದುಕೊಂಡವರೆಲ್ಲ ಅದನ್ನು ಆಕಾಶಕ್ಕೆ ತೋರಿಸುತ್ತಾ ನಿಲ್ಲಬೇಕು. ಅಲ್ಲಿ ನಡೆಯುವುದು ವಾಕಿಟಾಕಿ ಒಂದೇ. ಎರಡು ವರ್ಷದ ಹಿಂದೆ ಮಾವ ಪ್ರೀತಿ ಹೆಚ್ಚಾಗಿ ಇವನ್ನು ವರ್ಷಪೂರ್ತಿ ಚಾರ್ಜಿಗೆ ಚುಚ್ಚಿಯೇ ಇಟ್ಟಿದ್ದ. ಸ್ಪರ್ಧೆಯ ದಿನ ನೋಡಿದರೆ ಬ್ಯಾಟರಿಗಳು ಊದಿಕೊಂಡು ಮುಚ್ಚಳ ಎಬ್ಬಿಸಿದ್ದವು. ಆಮೇಲೆ ಹೊಸ ಬ್ಯಾಟರಿ, ಚೀಟಿ, ಬಿಸ್ಕತ್ ಡಬ್ಬಿ, ಮೆಟ್ಟಿಲ ಕೆಳಗಿನ ತಣ್ಣನೆ ಗೂಡು ಎಲ್ಲ ಬಂದವು. ಆದರೆ ಸಂಘದ ಕಾರ್ಯದರ್ಶಿ ಅದನ್ನು ಮರೆತಿರಲಿಲ್ಲ. ಈ ಸಲವೂ ಕೈಕೊಟ್ಟರೆ ಮಾವನಿಗೆ ನಮಸ್ಕಾರ, ಹೊಸ ಸೆಟ್ಟು, ಹೊಸ ಜನ ಎಂದು ಸಭೆಯಲ್ಲೇ ಹೇಳಿದ್ದರು.

"ಎರಡು ಗೆರೆಯಲ್ಲಿ ಒಂದೂವರೆ ಗಂಟೆ ಬರುತ್ತೆ," ಎಂದ ಮಾವ. "ಈಜು ಮೂರು ಗಂಟೆ. ಅಲ್ಲಿ ಪ್ಲಗ್ ಪಾಯಿಂಟ್ ಅನ್ನೋದೇ ಇಲ್ಲ."

"ಯಾರಪ್ಪಾ ಹೇಳಿದ್ದು ಒಂದೂವರೆ ಅಂತ?" ಮುಂದಿನ ಸೀಟಿನಿಂದ ಟೈಲರಮ್ಮ ಬಾಯಿ ಹಾಕಿದರು. "ನಮಗೆ ಎರಡು ಗೆರೆ ನಾಲ್ಕು ದಿನ ಬರ್ತಿತ್ತು."

ಮಾವ ವಾಕಿಟಾಕಿ ಕೆಳಗಿಟ್ಟ.

"ನಮಗೆ ಅಂದ್ರೆ?" ಎಂದ ಮಾವ.

ಅಜ್ಜಿ ಗೋಡೆಯನ್ನು ಬಿಟ್ಟುಕೊಟ್ಟಳು.

ಮಾವ ಎಂಟು ತಿಂಗಳು ಬೇರೆ ಊರಿನ ಕಟ್ಟಡದ ಕೆಲಸಕ್ಕೆ ಹೋಗಿದ್ದಾಗ ಟೈಲರಮ್ಮ ಕಾಲು ಮುರಿದುಕೊಂಡಿದ್ದರು. ನಮ್ಮ ಮನೆಯೆದುರಿನ ಕಟ್ಟಡ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಅಜ್ಜಿಗೆ ಮಂಡಿ ನೋವು. ಸರಿ, ಅಜ್ಜಿ ಡಬ್ಬಿ ತೆರೆದು ಒಂದು ವಾಕಿಟಾಕಿಯನ್ನು ಹಾಲು ಹಾಕುವವನ ಕೈಲಿ ಆಚೆ ಕಳಿಸಿದ್ದಳು.

"ಫೋನ್ ಇರ್ಲಿಲ್ವೇನಮ್ಮಾ?"

"ಫೋನಂತೆ ಫೋನು. ಹಲೋ ಅನ್ನು, ಊಟ ಆಯ್ತಾ ಅನ್ನು, ಮತ್ತೆ ಇನ್ನೇನು ಅನ್ನು, ಇಡ್ಲಾ ಅನ್ನು. ಅರ್ಧ ಗಂಟೆ ಬರೀ ಒಗ್ಗರಣೆ. ಇದ್ರಲ್ಲಿ ಒತ್ತಿದ್ರೆ ಅವಳು, ಬಿಟ್ರೆ ನಾನು."

"ದಿನಾ?"

"ದಿನಾ. ಆದ್ರೆ ಎರಡು ಗೆರೆ ದಾಟಿ ತುಂಬಿಸ್ಲಿಲ್ಲ, ಒಂದು ಗೆರೆ ಕೆಳಗೆ ಇಳಿಸ್ಲಿಲ್ಲ. ನಿನ್ನ ಚೀಟಿ ಮೇಲಾಣೆ."

ಮಾವ ಹಣೆಯನ್ನು ಸ್ಟೀರಿಂಗಿಗೆ ಒರಗಿಸಿದ. ಅವನ ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾನೆ ಅಂದುಕೊಂಡೆ. ನಗುತ್ತಿದ್ದ.

ಆಮೇಲೆ ಟೈಲರಮ್ಮ ಬಿಡಿಸಿ ಹೇಳಿದರು. ಕೇಳಿಸಿಕೊಳ್ಳೋದಕ್ಕೆ ಚಾರ್ಜು ಅಷ್ಟು ಹೋಗಲ್ಲ, ಗುಂಡಿ ಒತ್ತಿ ಮಾತಾಡೋದಕ್ಕೇ ಹೋಗೋದು. ಇದನ್ನು ಇಬ್ಬರೂ ಒಂದೇ ವಾರದಲ್ಲಿ ಕಂಡುಕೊಂಡಿದ್ದರು. ಹಾಗಾಗಿ ಮಾತು ಕಮ್ಮಿ, ಗುಂಡಿ ಜಾಸ್ತಿ. ಒಂದು ಸಲ ಟಕ್ ಅಂದರೆ ಹೂಂ. ಎರಡು ಸಲ ಅಂದರೆ ಊಹೂಂ. ಮೂರು ಸಲ ಅಂದರೆ ಕಿಟಕಿಗೆ ಬಾ. ಬಾಯಿ ಬಿಡಲೇಬೇಕಾದರೆ ಎರಡು ಪದ. ಸೌಂಡು ಎಲ್ಲಕ್ಕಿಂತ ಕೆಳಗೆ, ದೀಪ ಆಫ್.

"ನೀನು? ಎರಡು ಪದ?" ಎಂದ ಮಾವ ಅಮ್ಮನಿಗೆ. "ತರಕಾರಿಯವನ ಹತ್ರ ಒಂದು ಸೌತೆಕಾಯಿಗೆ ಇಪ್ಪತ್ತು ನಿಮಿಷ ಮಾತಾಡೋಳು?"

"ತರಕಾರಿಯವನಿಗೆ ಬ್ಯಾಟರಿ ಇಲ್ವಲ್ಲೋ."

ಮೊದಲಿನ ಲೆಕ್ಕದಲ್ಲಿ ಈ ದಡದಲ್ಲಿ ನಾನು, ಆ ದಡದಲ್ಲಿ ಮಾವ. ಈಗ ಈ ದಡದ ಗುಡ್ಡದ ಮೇಲೆ, ಮಡಿಸುವ ಕುರ್ಚಿಯಲ್ಲಿ ಅಜ್ಜಿ ಕೂತಳು. ಅಲ್ಲಿಂದ ಇಡೀ ಕೆರೆ ಕಾಣುತ್ತದೆ. ಆಚೆ ದಡದಲ್ಲಿ ಟೈಲರಮ್ಮ, ಅವರ ಪಕ್ಕದಲ್ಲಿ ದೋಣಿಯವನು. ಬರುವಾಗ ಕಾರಿನಲ್ಲೇ ಮಾವ ಅಜ್ಜಿ, ಟೈಲರಮ್ಮ ಇಬ್ಬರಿಂದಲೂ ದೋಣಿಗೆ ಬೇಕಾದ ಸಂಕೇತಗಳನ್ನು ಒಪ್ಪಿಸಿಕೊಂಡಿದ್ದ. ಈಗ ಅವನಿಗೆ ಮಾಡಲು ಏನೂ ಉಳಿಯಲಿಲ್ಲ. ತನ್ನ ಟೋಪಿ ತೆಗೆದು ವಾಕಿಟಾಕಿಗೆ ಬಿಸಿಲು ತಾಗದ ಹಾಗೆ ಹಿಡಿದುಕೊಂಡು ನಿಂತ. ಅಜ್ಜಿಯ ತಲೆಗೆ ನಾನು ಕೊಡೆ ಹಿಡಿದೆ.

ಕಾರ್ಯದರ್ಶಿ ಏದುಸಿರು ಬಿಡುತ್ತಾ ಗುಡ್ಡ ಹತ್ತಿ ಬಂದರು. "ಚಾರ್ಜ್ ಫುಲ್ ಇದೆ ತಾನೆ?"

"ಇಲ್ಲ," ಎಂದ ಮಾವ. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. "ಅರ್ಧ ಇದೆ."

ಕಾರ್ಯದರ್ಶಿ ಗಡಿಯಾರ ನೋಡಿಕೊಂಡರು. "ಒಂದು ಸಲ ಲೈನ್ ಕಟ್ಟಾದ್ರೂ ನನ್ನ ಕಾರಿನಲ್ಲಿರೋ ಹೊಸ ಸೆಟ್ ತರಿಸ್ತೀನಿ. ಬೇಜಾರಾಗ್ಬೇಡಿ."

ಸೀಟಿ ಮೊಳಗಿತು. ನಲವತ್ತೊಂದು ಟೋಪಿಗಳು ನೀರಿಗೆ ಬಿದ್ದವು.

ಟಕ್, ಎಂದಳು ಅಜ್ಜಿ. ಹೊರಟರು.

ಟಕ್, ಎಂದಿತು ಆಚೆ ದಡ.

ಮೊದಲ ಗಂಟೆಯಲ್ಲಿ ಅಜ್ಜಿ ಆಡಿದ್ದು ಒಟ್ಟು ಆರು ಪದ. ನಾನು ಎಣಿಸಿದೆ. ಕಾರ್ಯದರ್ಶಿ ಪಕ್ಕದಲ್ಲೇ ನಿಂತು ಪ್ರತಿ ಟಕ್ಕಿಗೂ "ಏನಂತೆ? ಏನಂತೆ?" ಎನ್ನುತ್ತಿದ್ದರು. ಅಜ್ಜಿ ಅವರ ಕಡೆ ತಿರುಗದೆ "ಶ್ಶ್" ಎಂದಳು. ಅಧಿಕಾರದಲ್ಲಿದ್ದವರಿಗೆ ಹಾಗೆ ಶ್ಶ್ ಎನ್ನುವುದನ್ನು ನೋಡಲು ನಾನು ಇನ್ನೂ ಹತ್ತು ಗುಡ್ಡ ಹತ್ತುತ್ತಿದ್ದೆ.

ಎರಡನೇ ಗಂಟೆಯ ಹೊತ್ತಿಗೆ ಒಂದು ಗೆರೆ ಮಾಯವಾಯಿತು. ಮಾವನ ಮುಖದಿಂದಲೂ ಏನೋ ಮಾಯವಾಯಿತು. ಅಷ್ಟರಲ್ಲಿ ನಡುನೀರಿನಲ್ಲಿ ಒಂದು ಹಳದಿ ಟೋಪಿ ಮುಂದಕ್ಕೆ ಹೋಗದೆ ಇದ್ದಲ್ಲೇ ಸುತ್ತತೊಡಗಿತು. ಅಜ್ಜಿ ದುರ್ಬೀನಿನಲ್ಲಿ ಅದರ ನಂಬರು ಓದಿ ಗುಂಡಿ ಒತ್ತಿದಳು.

"ಇಪ್ಪತ್ತೆರಡು. ದೋಣಿ."

ಟಕ್.

ಆ ಟಕ್ ಮುಗಿಯುವ ಮೊದಲೇ ಆಚೆ ದೋಣಿ ದಡ ಬಿಟ್ಟಿತ್ತು. ಹತ್ತಿಸಿಕೊಂಡದ್ದು ಒಬ್ಬ ಬ್ಯಾಂಕಿನವರನ್ನು. ಕಾಲು ಸೆಟೆದುಕೊಂಡಿತ್ತು, ಅಷ್ಟೇ. ದೋಣಿಯಲ್ಲಿ ಎದ್ದು ಕೂತು ಎರಡೂ ದಡಕ್ಕೆ ಕೈ ಬೀಸಿದರು. ಎಲ್ಲರೂ ಚಪ್ಪಾಳೆ ಹೊಡೆದರು. ಕಾರ್ಯದರ್ಶಿ ಎಲ್ಲರಿಗಿಂತ ಜೋರಾಗಿ ಹೊಡೆದು, ಆಮೇಲೆ ತಾನೇಕೆ ಹೊಡೆಯುತ್ತಿದ್ದೇನೆ ಎಂಬಂತೆ ಕೈ ನೋಡಿಕೊಂಡರು.

ಮೂರು ಗಂಟೆ ಹತ್ತು ನಿಮಿಷಕ್ಕೆ ಕೊನೆಯ ಟೋಪಿ ಆಚೆ ದಡ ಮುಟ್ಟಿತು. ವಾಕಿಟಾಕಿಯಲ್ಲಿ ಟೈಲರಮ್ಮನ ದನಿ ಬಂತು. ಅವತ್ತಿನ ಅತಿ ಉದ್ದದ ಮಾತು: "ನಲವತ್ತೊಂದೂ ಬಂದ್ರು ಕಣೇ, ಎಣಿಸಿದೆ, ದೋಣಿ ಹತ್ತಿದವರನ್ನೂ ಸೇರಿಸಿ."

ಒಂದು ಗೆರೆ ಇನ್ನೂ ಇತ್ತು. ಮಾವ ಅಜ್ಜಿಯನ್ನು ಕುರ್ಚಿ ಸಮೇತ ಎತ್ತಿ ಒಂದು ಸುತ್ತು ತಿರುಗಿಸಿದ. "ಇಳಿಸೋ, ನನ್ನೇನು ಕ್ರೇನಿನ ಕಂಬಿ ಅಂದ್ಕೊಂಡ್ಯಾ?" ಎಂದು ಅವಳು ಬೈದಳು. ಎರಡು ಪದದ ನಿಯಮ ಆ ಕ್ಷಣಕ್ಕೆ ಮುಗಿಯಿತು. ಗುಡ್ಡ ಇಳಿಯುವವರೆಗೂ ಅವಳ ಬಾಯಿ ಮುಚ್ಚಲಿಲ್ಲ.

ಕೆಳಗೆ ಕಾರ್ಯದರ್ಶಿ ತಮ್ಮ ಕಾರಿನ ಡಿಕ್ಕಿ ತೆರೆದು ಕಾಯುತ್ತಿದ್ದರು. ಒಳಗೆ ಹೊಸ ಸೆಟ್ಟು, ಕಪ್ಪು ಪೆಟ್ಟಿಗೆಯಲ್ಲಿ, ಪ್ಲಾಸ್ಟಿಕ್ ಹಾಳೆಯನ್ನೂ ಕಿತ್ತಿರಲಿಲ್ಲ.

"ನಾನು ಸೋತೆ, ಒಪ್ಕೋತೀನಿ," ಎಂದರು. ಅವರ ನಗುವಿನಲ್ಲಿ ಕೊಂಕಿರಲಿಲ್ಲ. "ಕೆಲಸ ನಿಮ್ಮದೇ, ಇನ್ನು ಆ ಮಾತೇ ಬೇಡ. ಆದ್ರೆ ಇದನ್ನ ತಗೊಳ್ಳಿ. ಸಂಘದ ಲೆಕ್ಕದ್ದಲ್ಲ, ನನ್ನ ಕಡೆಯಿಂದ. ಒಂದು ಸಲ ತುಂಬಿಸಿದ್ರೆ ಮೂರು ದಿನ ಬಾಯ್ತುಂಬಾ ಮಾತಾಡ್ಬಹುದು. ಆ ಹಳೇದನ್ನ ಗುಜರಿಗೆ ಹಾಕಿಬಿಡಿ."

ಮಾವ ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡ. ಹೆಬ್ಬೆರಳು ಪ್ಲಾಸ್ಟಿಕ್ ಹಾಳೆಯ ಮೇಲೆ ಮೆಲ್ಲಗೆ ಓಡಾಡಿತು. ಆಸೆ ಇತ್ತು ಅವನಿಗೆ, ಯಾರಿಗಿರುವುದಿಲ್ಲ? ಅವನು ಅಮ್ಮನ ಕಡೆ ನೋಡಿದ.

ಅಜ್ಜಿ ಪೆಟ್ಟಿಗೆಯನ್ನು ಅವನ ಕೈಯಿಂದ ಬಿಡಿಸಿ ಡಿಕ್ಕಿಯೊಳಗೆ ಇಟ್ಟಳು.

"ಯಾಕಜ್ಜಿ? ದುಡ್ಡೇನೂ ಕೊಡ್ಬೇಕಾಗಿಲ್ಲ," ಎಂದರು ಕಾರ್ಯದರ್ಶಿ.

"ಬೇಡ," ಎಂದಳು ಅಜ್ಜಿ. "ಮೂರು ದಿನ ಬಾಯ್ತುಂಬಾ ಮಾತಾಡಿದ್ರೆ ಅದೂ ಫೋನೇ ಆಗುತ್ತೆ."