ಬೆಚ್ಚಗಾಗಲೊಲ್ಲದ ಮುಂಗೋಣೆ

ಮುಂಗೋಣೆಗೆ ಯಾರಾದರೂ ಬಿಸಿ ಹಾಯಿಸುತ್ತಾರೆಯೇ? ಕಾರ್ಡಿಫ್ ಆಚೆಯ ನಮ್ಮ ಗಣಿ ಕಣಿವೆಯಲ್ಲಿ ಹುಟ್ಟಿ ಬೆಳೆದ ಯಾರನ್ನು ಬೇಕಾದರೂ ಕೇಳಿ, ನಕ್ಕುಬಿಡುತ್ತಾರೆ. ಬೀದಿಗೆ ಮುಖ ಮಾಡಿದ ಆ ಕೋಣೆ ಇರುವುದು ಪಾದ್ರಿಗೆ, ಕ್ರಿಸ್ಮಸ್ಸಿಗೆ ಮತ್ತು ಹೆಣಕ್ಕೆ. ಒಳ್ಳೆಯ ಕುರ್ಚಿ, ಒಳ್ಳೆಯ ಪಿಂಗಾಣಿ, ಪಿಯಾನೊ ಎಲ್ಲವೂ ಅಲ್ಲಿ. ಮನೆಮಂದಿಯೆಲ್ಲ ಹಿಂದಿನ ಅಡುಗೆಮನೆಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವ ಜನ ನಾವು. ನನ್ನ ಗಂಡ ಇಡ್ವಲ್ ಸಿಕ್ಕಿಹಾಕಿಕೊಂಡಿದ್ದು ಇದರಲ್ಲೇ.

ಇಡ್ವಲ್ ಮನೆ ಬೆಚ್ಚಗಿಡುವ ಕೆಲಸದವನು. ಗ್ಯಾಸ್ ಬಾಯ್ಲರ್ ಕೂರಿಸುವುದು, ಪೈಪು ಎಳೆಯುವುದು, ಗೋಡೆಗೆ ರೇಡಿಯೇಟರ್ ಬಿಗಿಯುವುದು ಅವನ ಕಸುಬು. ಊರಿನಲ್ಲಿ ಅವನ ಹೆಸರೇ ಬಾಯ್ಲರ್ ಇಡ್ವಲ್. ನಾನು ಡೆಲಿತ್. ವ್ಯಾನ್ ಓಡಿಸುತ್ತ, ಪೈಪಿನ ಇನ್ನೊಂದು ತುದಿ ಹಿಡಿಯುತ್ತ, ಗಿರಾಕಿಗಳ ಜೊತೆ ಜಗಳ ಆಡುತ್ತ ನಾನೂ ಅರ್ಧ ಕೆಲಸ ಕಲಿತವಳು. ಜಗಳದ ಅರ್ಧ ಪೂರ್ತಿ ನನ್ನದೇ.

ಗ್ಯಾಸ್ ಬಾಯ್ಲರಿನ ಕೆಲಸ ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು. ಹೊರಗಿನ ಗಾಳಿಯಿಂದಲೇ ಬಿಸಿ ಹೀರಿ ಒಳಗೆ ಕೊಡುವ ಹೀಟ್ ಪಂಪ್ ಹಾಕಿಸಿಕೊಳ್ಳಿ, ಖರ್ಚು ನಾವು ಕೊಡುತ್ತೇವೆ ಎಂದಿತು ಸರ್ಕಾರ. ಗುಡ್ಡದ ಮೇಲಿನ ನಮ್ಮ ಸಾಲುಮನೆಗಳ ಬೀದಿ ಪೂರ್ತಿ ಆ ಯೋಜನೆಗೆ ಸೇರಿತು. ಆದರೆ ಕೆಲಸ ಸಿಗುವುದು ಪ್ರಮಾಣಪತ್ರ ಇದ್ದವರಿಗೆ ಮಾತ್ರ. ಅದು ಸಿಗದಿದ್ದರೆ ಕಾರ್ಡಿಫಿನ ದೊಡ್ಡ ಕಂಪನಿ ಬಂದು ನಮ್ಮ ಬೀದಿಯಲ್ಲಿ ಕೆಲಸ ಮಾಡುವುದನ್ನು ನಾವು ಕಿಟಕಿಯಲ್ಲಿ ನಿಂತು ನೋಡಬೇಕು. ವ್ಯಾನ್ ಮಾರಬೇಕು. ಐವತ್ತೇಳು ದಾಟಿದ ಇಡ್ವಲ್ ಹೆದ್ದಾರಿ ಪಕ್ಕದ ಗೋದಾಮಿನಲ್ಲಿ ಡಬ್ಬ ಎತ್ತಬೇಕು.

ಹೀಗಾಗಿ ಇಡ್ವಲ್ ಈ ವಯಸ್ಸಿನಲ್ಲಿ ಕಾಲೇಜಿಗೆ ಹೋದ. ಕ್ಲಬ್ಬಿನಲ್ಲಿ ಬಿಯರ್ ಕುಡಿಯುವವರಿಗೆ ಅಷ್ಟು ಸಾಕಿತ್ತು.

“ಏನೋ ಬಾಯ್ಲರು, ಬ್ಯಾಗಲ್ಲಿ ಊಟದ ಡಬ್ಬಿ ಇಟ್ಕೊಂಡ್ಯಾ?”

“ಬಾಯ್ಲರ್ ಅಲ್ಲ ಕಣ್ರೋ, ಇನ್ಮೇಲೆ ಇವ್ನು ಫ್ರಿಜ್ ಇಡ್ವಲ್. ಆ ಪಂಪು ಅಂದ್ರೆ ತಿರುವಿ ಹಾಕಿದ ಫ್ರಿಜ್ಜೇ ಅಂತೆ.”

“ನಗ್ರೋ ನಗ್ರಿ,” ಎಂದ ಇಡ್ವಲ್. “ಜನವರೀಲಿ ಬರ್ತೀರಲ್ಲ ನನ್ನ ಬಾಗಿಲಿಗೆ, ಆಗ ನೋಡ್ಕೋತೀನಿ.”

ಕಾಲೇಜಿನಲ್ಲಿ ಅವನಿಗೆ ಕಷ್ಟವಾದದ್ದು ಕಲಿಯುವುದಲ್ಲ, ಕಲಿತದ್ದನ್ನು ಮರೆಯುವುದು. ಬಾಯ್ಲರ್ ಹಾಕುವಾಗ ನಮ್ಮವರದು ಒಂದೇ ಸೂತ್ರ: ಒಂದು ಸೈಜು ಜಾಸ್ತಿನೇ ಹಾಕು, ಮನೆ ಬೆಚ್ಚಗಾಯ್ತು ಅಂತ ಯಾರೂ ದೂರು ಹೇಳಲ್ಲ. ಪಂಪಿಗೆ ಅದು ನಡೆಯುವುದಿಲ್ಲ. ಒಂದೊಂದು ಕೋಣೆಯ ಗೋಡೆ, ಕಿಟಕಿ, ನೆಲ ಅಳೆದು ಎಷ್ಟು ಬಿಸಿ ಸೋರುತ್ತದೆ ಎಂದು ಲೆಕ್ಕ ಹಾಕಿ, ಅಷ್ಟಕ್ಕೆ ಸರಿಯಾದದ್ದನ್ನೇ ಕೂರಿಸಬೇಕು. ಇಡ್ವಲ್ ಗೊಣಗಿದ, ಬೈದ, ಕೊನೆಗೆ ಪಾಸಾದ.

ಇನ್ನು ಉಳಿದಿದ್ದು ಒಂದು ಮನೆಗೆ ಪೂರ್ತಿ ಕೆಲಸ ಮಾಡಿ ಪರೀಕ್ಷಕರಿಗೆ ತೋರಿಸುವುದು. ಮೊದಲ ಸಲ ಮಾಡುವವನಿಗೆ ಮನೆ ಕೊಡುವವರು ಯಾರು? ಕೊಟ್ಟವರು ಇಡ್ವಲ್‌ನ ತಾಯಿಯ ತಂಗಿ ಮೊರ್ವಿದ್. ಚಿಕ್ಕಮ್ಮನನ್ನೂ ಬೀದಿಯ ಹಿರಿಯ ಹೆಂಗಸರನ್ನೂ ನಾವು ಬೋಪಾ ಎನ್ನುತ್ತೇವೆ. ಈ ಬೋಪಾ ಮಾತ್ರ ಬೀದಿಗೆಲ್ಲ ಬೋಪಾ. ಎಂಬತ್ತು ದಾಟಿದೆ, ನಾಲಿಗೆಗೆ ಮಾತ್ರ ಇಪ್ಪತ್ತು. ಗಂಡ ಎಮ್ರಿಸ್ ಗಣಿಯಲ್ಲಿದ್ದವರು, ತೀರಿಕೊಂಡು ಕೆಲವು ವರ್ಷಗಳಾಗಿವೆ.

ಅಳತೆಗೆ ಹೋದ ದಿನ ಟೇಪಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಇಡ್ವಲ್ ಕೈಯಲ್ಲಿ. ಅಡುಗೆಮನೆ, ಮಲಗುವ ಕೋಣೆಗಳು, ಬಚ್ಚಲು, ಕೊನೆಗೆ ಓಣಿಯಂಥ ನಡುಮನೆ. ಮುಂಗೋಣೆಯ ಮುಚ್ಚಿದ ಬಾಗಿಲ ಹತ್ತಿರ ಬಂದಾಗ ಬೋಪಾ ಹಿಂದಿನಿಂದ ಕೂಗಿದರು.

“ಅದಕ್ಯಾಕೋ ಟೇಪು? ಅಲ್ಲಿ ಯಾರು ಕೂತ್ಕೋತಾರೆ?”

“ಸರಿ ಬೋಪಾ,” ಎಂದು ಇಡ್ವಲ್ ಟೇಪು ಸುತ್ತಿಕೊಂಡ. ಬೀರುವಿನ ಒಳಗನ್ನು ಯಾರೂ ಅಳೆಯುವುದಿಲ್ಲವಲ್ಲ, ಹಾಗೆ. ನನಗೂ ಏನೂ ಅನ್ನಿಸಲಿಲ್ಲ. ನಮ್ಮ ಮನೆಯ ಮುಂಗೋಣೆಯೂ ಹಾಗೇ ಇದೆ.

ಕೆಲಸ ಚೆನ್ನಾಗಿ ಆಯಿತು. ಹಿತ್ತಲಲ್ಲಿ ಪಂಪು ಸಣ್ಣಗೆ ಗುನುಗುತ್ತಿತ್ತು. ಬೋಪಾ ಮಾತ್ರ ದಿನಕ್ಕೆ ಹತ್ತು ಸಲ ರೇಡಿಯೇಟರ್ ಮುಟ್ಟಿ ನೋಡಿ ನಮಗೆ ಫೋನ್ ಮಾಡುತ್ತಿದ್ದರು.

“ಇದು ಸತ್ತೋಗಿದೆ ಕಣೋ. ಕೈ ಸುಡ್ತಾನೇ ಇಲ್ಲ.”

“ಸುಡಬಾರ್ದು ಬೋಪಾ. ಉಗುರುಬೆಚ್ಚಗೆ ದಿನವಿಡೀ ಇರ್ಬೇಕು. ನಿಮಗೆ ಚಳಿ ಆಗ್ತಿದ್ಯಾ?”

“ಚಳಿ ಏನೂ ಇಲ್ಲ. ಆದ್ರೂ ಸುಡ್ಬೇಕಪ್ಪ, ಇಲ್ದಿದ್ರೆ ಬಿಸಿ ಅಂತ ಹೇಗೆ ಗೊತ್ತಾಗತ್ತೆ?”

ಪರೀಕ್ಷಕರು ಗಡಿಯಾಚೆಯ ಇಂಗ್ಲೆಂಡಿನ ಹೆರೆಫರ್ಡಿನವರು. ಮಿಸ್ಟರ್ ಪ್ರಾಸರ್ ಎಂದು ಹೆಸರು, ಸಣಕಲು ಮೈ, ಮೆಲುಮಾತು. ಅವರು ಬಂದ ಬೆಳಿಗ್ಗೆ ಬೀದಿಯಲ್ಲಿ ಹಿಮ ಗಟ್ಟಿಯಾಗಿತ್ತು. ಇಡ್ವಲ್ ಹಿತ್ತಲಲ್ಲಿ ಪಂಪು ತೋರಿಸಲು ತಯಾರಾಗಿ ನಿಂತಿದ್ದ. ಆದರೆ ಬಾಗಿಲು ತೆರೆದವರು ಬೋಪಾ. ಸರ್ಕಾರದ ಕಡೆಯಿಂದ ಬಂದ ದೊಡ್ಡ ಮನುಷ್ಯನನ್ನು ಅಡುಗೆಮನೆಯಲ್ಲಿ ಕೂರಿಸುವುದುಂಟೇ? ಮುಂಗೋಣೆಯ ಬಾಗಿಲು ತೆರೆದು, ಒಳ್ಳೆಯ ಕುರ್ಚಿಯಲ್ಲಿ ಕೂರಿಸಿ, ಒಳ್ಳೆಯ ಪಿಂಗಾಣಿಯಲ್ಲಿ ಟೀ ಕೊಟ್ಟು, ಒಣದ್ರಾಕ್ಷಿ ಬ್ರೆಡ್ಡಿಗೆ ದಪ್ಪಗೆ ಬೆಣ್ಣೆ ಸವರಿ ಮುಂದಿಟ್ಟರು.

ನಾವಿಬ್ಬರೂ ಓಡಿ ಬಂದೆವು. ಪ್ರಾಸರ್ ಮಾತಾಡಿದರೆ ಬಾಯಿಂದ ಹೊಗೆ ಬರುತ್ತಿತ್ತು. ಕೋಟು ಬಿಚ್ಚಿರಲಿಲ್ಲ. ಬೆಣ್ಣೆ ಚಳಿಗೆ ಕಲ್ಲಾಗಿ ಬ್ರೆಡ್ಡೇ ಮುರಿಯುತ್ತಿತ್ತು. ಅವರ ಕಣ್ಣು ಗೋಡೆಯಿಂದ ಗೋಡೆಗೆ ಸುತ್ತುತ್ತಿತ್ತು.

“ಇಲ್ಲಿ ರೇಡಿಯೇಟರ್ ಎಲ್ಲಿದೆ?”

“ಇಲ್ಲಿ ಯಾಕಪ್ಪ? ಇದು ಮುಂಗೋಣೆ,” ಎಂದರು ಬೋಪಾ.

“ಅಂದ್ರೆ ಇಲ್ಲಿ ಯಾರೂ ಕೂರೋದಿಲ್ವಾ?”

“ಯಾಕೆ, ನೀವು ಕೂತಿದೀರಲ್ಲ!”

ಪ್ರಾಸರ್ ನಗಲಿಲ್ಲ. ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಇಡ್ವಲ್‌ನ ಮುಖ ಬಿಳಿಚಿಕೊಂಡಿತ್ತು. ಪ್ರಾಸರ್ ಮನೆಯೆಲ್ಲ ಸುತ್ತಿದರು, ಪೈಪಿಗೆ ಸುತ್ತಿದ ಹೊದಿಕೆಯನ್ನು ಬೆರಳಿನಿಂದ ಒತ್ತಿ ನೋಡಿದರು, ಮೆಚ್ಚಿ ತಲೆಯಾಡಿಸಿದರು. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು:

“ಕೆಲಸ ಅಚ್ಚುಕಟ್ಟಾಗಿದೆ ಇಡ್ವಲ್. ಆದ್ರೆ ಮನೆಯ ಅತಿ ದೊಡ್ಡ ಕೋಣೆ ನಿಮ್ಮ ಲೆಕ್ಕದಲ್ಲೇ ಇಲ್ಲ. ನಾನು ಪಾಸ್ ಮಾಡೋ ಹಾಗಿಲ್ಲ. ಮುಂದಿನ ತಿಂಗಳು ಮತ್ತೆ ಬರ್ತೀನಿ. ಅಷ್ಟರೊಳಗೆ ಸರಿ ಮಾಡಿ, ಇಲ್ದಿದ್ರೆ ಎಲ್ಲಾ ಮೊದಲಿಂದ.”

ಮೊದಲಿನಿಂದ ಎಂದರೆ ಬೇಸಿಗೆ. ಬೀದಿಯ ಕೆಲಸ ಹಂಚುವುದು ವಸಂತಕ್ಕೆ ಮುಂಚೆ. ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗಾಯಿತು.

ಮನೆಗೆ ಬಂದು ಇಡ್ವಲ್ ಲೆಕ್ಕಕ್ಕೆ ಕೂತ. ಮುಂಗೋಣೆಯನ್ನೂ ಸೇರಿಸಿದ. ಹಾಕಿದ ಪಂಪು ಅದನ್ನೂ ಎಳೆಯುತ್ತದೆ, ಆದರೆ ಒಂದು ಷರತ್ತು: ಆ ಕೋಣೆಯ ನೆಲದ ಹಲಗೆ ಕಿತ್ತು, ಬಿಸಿ ಸೋರದಂತೆ ಕೆಳಗಿನ ಟೊಳ್ಳಿಗೆ ಉಣ್ಣೆ ತುಂಬಬೇಕು. ಅಂದರೆ ಕೋಣೆ ಖಾಲಿ ಮಾಡಬೇಕು.

“ಬೋಪಾಗೆ ಹೇಳೋರು ಯಾರು?” ಎಂದ.

“ನಿನ್ನ ಚಿಕ್ಕಮ್ಮ, ನೀನೇ ಹೇಳು. ನಾನು ಪಕ್ಕದಲ್ಲಿ ನಿಂತ್ಕೋತೀನಿ.”

ಮರುದಿನ ಬೋಪಾರ ಅಡುಗೆಮನೆಯಲ್ಲಿ ಅವನು ಎಲ್ಲವನ್ನೂ ಹೇಳಿದ. ಅವರು ಪೂರ್ತಿ ಕೇಳಿ ಟೀ ಲೋಟ ಕೆಳಗಿಟ್ಟರು.

“ಆಗಲ್ಲ.”

“ಬೋಪಾ...”

“ಆಗಲ್ಲ ಅಂದ್ನಲ್ಲ. ಎಮ್ರಿಸ್‌ನ ಮೂರು ದಿನ ಆ ಕೋಣೇಲಿ ಮಲಗ್ಸಿದ್ವಿ. ಬೀದಿಯವ್ರೆಲ್ಲ ಬಂದು ನೋಡ್ಕೊಂಡು ಹೋದ್ರು. ಎಷ್ಟು ಚೆನ್ನಾಗಿ ಕಾಣ್ತಿದ್ದ ಗೊತ್ತಾ? ಕೋಣೆ ತಣ್ಣಗಿತ್ತು, ಅದಕ್ಕೆ. ನಾಳೆ ನನ್ನನ್ನೂ ಅಲ್ಲೇ ಮಲಗಿಸ್ಬೇಕು. ಬಿಸಿ ಕೋಣೇಲಿ ಹೆಣ ಇಡ್ತಾರೇನೋ? ಮೂರು ದಿನದಲ್ಲಿ ನಾನು ಏನಾಗ್ಬೇಕು?”

ಇದಕ್ಕೆ ಯಾವ ಕಾಲೇಜಿನಲ್ಲಿ ಉತ್ತರ ಹೇಳಿಕೊಡುತ್ತಾರೆ? ಒಳಗೊಳಗೇ ನನಗೆ ಸಿಟ್ಟೂ ಬಂತು. ಬದುಕಿರುವವನು ಮಣ್ಣುಪಾಲಾಗುತ್ತಿದ್ದಾನೆ, ಇವರಿಗೆ ಹೆಣದ ಚಿಂತೆ ಎಂದು ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡೆ. ಬೋಪಾ ಮುಂಗೋಣೆಯ ಬಾಗಿಲ ಕಡೆಗೇ ನೋಡುತ್ತಿದ್ದರು.

ಇಡ್ವಲ್ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಹಲ್ಲುನೋವಿಗೆ ಮದ್ದು ಹೇಳುವವನ ಹಾಗೆ ಹೇಳಿದ.

“ಬೋಪಾ, ರೇಡಿಯೇಟರಿಗೆ ಪಕ್ಕದಲ್ಲಿ ಒಂದು ತಿರುಪು ಇರತ್ತೆ. ಆ ಕೋಣೆಗೆ ಮಾತ್ರ ಬಿಸಿ ನಿಲ್ಸಬಹುದು.”

“ನಿಲ್ಸಿದ್ರೆ?”

“ಸಂಜೆಯೊಳಗೆ ತಣ್ಣಗಾಗತ್ತೆ. ಆ ದಿನ ಬಂದಾಗ ನಾನೇ ಬಂದು ತಿರುಪ್ತೀನಿ.”

“ಇಡ್ವಲ್!” ಎಂದು ನಾನು ಅವನ ಕಾಲು ತುಳಿದೆ. ಮುದುಕಿಯ ಎದುರು ಆಡುವ ಮಾತೇ ಅದು?

ಬೋಪಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. “ನೀನೇ ಬರ್ತೀಯಾ? ಇನ್ಯಾರನ್ನೋ ಕಳ್ಸಲ್ಲ ತಾನೇ?”

“ನಾನೇ ಬರ್ತೀನಿ.”

“ಭಾನುವಾರ ಆದ್ರೆ?”

“ಭಾನುವಾರ ಆದ್ರೂ.”

“ರಗ್ಬಿ ಮ್ಯಾಚ್ ಇದ್ರೆ?”

ಇಡ್ವಲ್ ಒಂದು ಕ್ಷಣ ತಡೆದ. ಬೋಪಾರ ಕಣ್ಣು ಕಿರಿದಾಯಿತು.

“ಇಂಗ್ಲೆಂಡ್ ಜೊತೆ ಮ್ಯಾಚ್ ಇದ್ರೂ ಬರ್ತೀನಿ ಬೋಪಾ.”

“ಹಾಗಾದ್ರೆ ಪಿಯಾನೊ ಹುಷಾರಾಗಿ ಎತ್ತು,” ಎಂದು ಅವರು ಟೀ ಕುಡಿದು ಮುಗಿಸಿದರು.

ಪಿಯಾನೊ ಎತ್ತಲು ಕ್ಲಬ್ಬಿನ ಅದೇ ಗಂಡಸರು ಬಂದರು, ಫ್ರಿಜ್ಜು ಫ್ರಿಜ್ಜು ಎಂದು ರೇಗಿಸುತ್ತಲೇ ಬೆವರು ಸುರಿಸಿದರು. ಹಲಗೆ ಕಿತ್ತಾಗ ಕೆಳಗಿನಿಂದ ಗಾಳಿ ಮುಖಕ್ಕೆ ಹೊಡೆಯಿತು. ನಮ್ಮ ಗುಡ್ಡದ ಕುರಿಗಳ ಉಣ್ಣೆಯನ್ನೇ ತುಂಬಿದೆವು. ಕಿಟಕಿಯ ಕೆಳಗೆ ರೇಡಿಯೇಟರ್ ಬಂತು. ಅಷ್ಟು ದಿನವೂ ಬೋಪಾ ಅಡುಗೆಮನೆಯಿಂದ ಈಚೆ ಬರಲಿಲ್ಲ. ಸದ್ದು ಕೇಳಿದಾಗಲೆಲ್ಲ ರೇಡಿಯೊ ಜೋರು ಮಾಡುತ್ತಿದ್ದರು. ಕೆಲಸ ಮುಗಿದು ಕುರ್ಚಿ, ಪಿಂಗಾಣಿ ಎಲ್ಲ ಮೊದಲಿದ್ದ ಜಾಗಕ್ಕೇ ಇಟ್ಟು ಕರೆದರೆ, “ಆಮೇಲೆ ನೋಡ್ತೀನಿ” ಎಂದರು. ನಾವು ಬಾಗಿಲು ಮುಚ್ಚಿ ಬಂದೆವು. ಆ ರಾತ್ರಿ ಇಡ್ವಲ್ ಊಟ ಮಾಡಲಿಲ್ಲ. ಬೋಪಾರ ಮನಸ್ಸು ನೋಯಿಸಿದೆನೇನೋ ಎಂಬ ಕೊರಗು ಅವನಿಗೆ ಪ್ರಮಾಣಪತ್ರದ ಚಿಂತೆಗಿಂತ ಹೆಚ್ಚಾಗಿತ್ತು, ನನಗೆ ಗೊತ್ತು.

ಪ್ರಾಸರ್ ಎರಡನೆಯ ಸಲ ಬಂದಾಗ ಮಧ್ಯಾಹ್ನ, ಹೊರಗೆ ಆಲಿಕಲ್ಲು. ನಾವು ಮೂವರೂ ಬಾಗಿಲು ತಟ್ಟಿದೆವು. ಉತ್ತರ ಇಲ್ಲ. ಚಿಲಕ ಹಾಕಿರಲಿಲ್ಲ, ಒಳಗೆ ಹೋದೆವು. ಅಡುಗೆಮನೆ ಖಾಲಿ. ಮುಂಗೋಣೆಯ ಬಾಗಿಲು ಅರ್ಧ ತೆರೆದಿತ್ತು.

ಬೋಪಾ ಒಳ್ಳೆಯ ಕುರ್ಚಿಯಲ್ಲಿ ಹಿಂದಕ್ಕೊರಗಿದ್ದರು. ತಲೆ ಒಂದು ಕಡೆ ವಾಲಿ, ಬಾಯಿ ತುಸು ತೆರೆದು, ಕೈಗಳು ಮಡಿಲಲ್ಲಿ. ಶಾಲು ಇಲ್ಲ. ಕಾಲಲ್ಲಿ ಚಪ್ಪಲಿಯೂ ಇಲ್ಲ. ಇಡ್ವಲ್ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟ, ಒಳಗೆ ಕಾಲಿಡಲಾಗಲಿಲ್ಲ ಅವನಿಗೆ.

ಪ್ರಾಸರೇ ಹತ್ತಿರ ಹೋಗಿ ಬಗ್ಗಿದರು. ಅಷ್ಟರಲ್ಲಿ ಬೋಪಾ ಗೊರಕೆ ಹೊಡೆದರು. ಸಣ್ಣ ಗೊರಕೆಯಲ್ಲ, ಗಣಿಗಾರನ ಹೆಂಡತಿಯ ಗೊರಕೆ.

ಪ್ರಾಸರ್ ಬೆರಳನ್ನು ತುಟಿಗೆ ಇಟ್ಟುಕೊಂಡರು. ಬೂಟು ಬಿಚ್ಚಿ ನಡುಮನೆಯಲ್ಲಿಟ್ಟರು. ಆಮೇಲೆ ಕಾಲುಚೀಲದಲ್ಲೇ ಕೋಣೆಯೆಲ್ಲ ಸುತ್ತಿ, ಉಷ್ಣಮಾಪಕವನ್ನು ಕಿಟಕಿಯ ಹತ್ತಿರ ಹಿಡಿದರು, ನೆಲದ ಹತ್ತಿರ ಹಿಡಿದರು, ಬೋಪಾರ ಕುರ್ಚಿಯ ಪಕ್ಕ ಮಂಡಿಯೂರಿ ಹಿಡಿದರು. ರೇಡಿಯೇಟರ್ ಮುಟ್ಟಿ ನೋಡಿದರು. ಬೋಪಾಗೆ ಎಚ್ಚರವಾಗಲಿಲ್ಲ. ನಾನು ಬೋಪಾರ ಮುಖವನ್ನೇ ನೋಡುತ್ತಿದ್ದೆ. ಎಮ್ರಿಸ್ ಹೋದ ಮೇಲೆ ಹಗಲಾಗಲಿ ಇರುಳಾಗಲಿ ಆ ಮುಖ ಅಷ್ಟು ಸಡಿಲವಾದದ್ದನ್ನು ನಾನು ಕಂಡಿರಲಿಲ್ಲ.

ನಡುಮನೆಗೆ ಬಂದು ಬಾಗಿಲು ಮೆಲ್ಲಗೆ ಎಳೆದುಕೊಂಡು ಪ್ರಾಸರ್ ಪಿಸುಗುಟ್ಟಿದರು: “ಪಾಸು.”

“ಏನಂದ್ರಿ?” ಇಡ್ವಲ್ ಕೂಡ ಪಿಸುಗುಟ್ಟಿದ.

“ಪಾಸು ಅಂದೆ. ಬೀದಿಯ ಕೆಲಸಕ್ಕೆ ನಿಮ್ಮ ಹೆಸರು ಇವತ್ತೇ ಸೇರಿಸ್ತೀನಿ. ಕೂಗಬೇಡಿ ಮಾರಾಯ್ರೆ, ಅಮ್ಮನಿಗೆ ಎಚ್ಚರ ಆಗತ್ತೆ.”

ನನ್ನ ಗಂಡನಿಗೆ ಸಂತೋಷವಾದರೆ ಬೀದಿಯ ಆ ತುದಿಗೆ ಕೇಳಿಸಬೇಕು, ಅಂಥ ಗಂಟಲು ಅವನದು. ಅವತ್ತು ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಮೆಟ್ಟಿಲ ಮೇಲೆ ಕೂತ. ಭುಜ ಕುಲುಕುತ್ತಿತ್ತು. ನಾನು ಪಕ್ಕದಲ್ಲಿ ಕೂತು ಅವನ ಬೆನ್ನಿಗೆ ಕೈಯಿಟ್ಟೆ, ನನಗೂ ತಡೆಯಲಾಗಲಿಲ್ಲ. ಬೋಪಾ ಎದ್ದು ಟೀ ಕೇಳುವವರೆಗೆ ನಾವು ಅಲ್ಲೇ ಸದ್ದಿಲ್ಲದೆ ಅತ್ತೆವು.