ಮೇಜರ್ ಮಾಸ್ತಿಯ ಎರಡು ರಿಬ್ಬನ್

ಚೇತನಾ ಮೊದಲಿನಿಂದಲೂ ಸಂಶಯದ ಪ್ರಾಣಿ. ಯಲ್ಲಾಪುರದಲ್ಲಿ ಅವಳದೊಂದು ಔಷಧಿ ಅಂಗಡಿ. ಐನೂರರ ನೋಟು ಕೊಟ್ಟವರು ಸಾಕ್ಷಾತ್ ಮಠದ ಸ್ವಾಮಿಗಳೇ ಆಗಿರಲಿ, ಅದನ್ನೊಮ್ಮೆ ಬೆಳಕಿಗೆ ಹಿಡಿಯದೆ ಗಲ್ಲಾಪೆಟ್ಟಿಗೆಗೆ ಹಾಕುವವಳಲ್ಲ. ಆದರೆ ಅಪ್ಪನನ್ನು ಮಾತ್ರ ಅವಳು ಎಂದೂ ಬೆಳಕಿಗೆ ಹಿಡಿದು ನೋಡಿರಲಿಲ್ಲ. ಅಂಥ ಅಪ್ಪನ ಮೇಲೂ ಅನುಮಾನ ಹುಟ್ಟಿತು, ಶಿರಸಿಯ ಮಾಜಿ ಸೈನಿಕರ ಸಂಘದಲ್ಲಿ, ಕೈಯಲ್ಲಿದ್ದ ಚಹಾ ಆರುವುದರೊಳಗೆ.

ಅಪ್ಪ ಮೇಜರ್ ಮಾಸ್ತಿ ನಾಯ್ಕ, ಬಿಳಗಿಯಿಂದ ಸಿಪಾಯಿಯಾಗಿ ಹೋಗಿ ಅಧಿಕಾರಿಯಾಗಿ ಮರಳಿದವನು. ತೀರಿಕೊಂಡು ಎರಡು ವರ್ಷವಾಗಿತ್ತು. ಸಂಘದ ಹೊಸ ಸಭಾಭವನದಲ್ಲಿ ಅವನ ಫೋಟೊ ಮತ್ತು ಐದು ಪದಕಗಳನ್ನು ಗಾಜು ಹಾಕಿಸಿ ತೂಗುಹಾಕುವುದೆಂದು ತೀರ್ಮಾನವಾಗಿತ್ತು. ಚೌಕಟ್ಟು ಅಂಗಡಿಯಿಂದ ಬಂದ ದಿನ ಸಂಘದ ಕಾರ್ಯದರ್ಶಿ, ನಿವೃತ್ತ ಸುಬೇದಾರ್ ನಾಗಪತಿ ಹೆಗಡೆಯವರು ಅದರ ಗಾಜು ತೆಗೆಸಿ, ಪದಕಗಳನ್ನು ಕನ್ನಡಕ ಏರಿಸಿ ನೋಡಿದರು, ಇಳಿಸಿಯೂ ನೋಡಿದರು.

“ನೋಡಮ್ಮಾ, ಮೂರು ರಿಬ್ಬನ್ ನಂಗೆ ಗೊತ್ತು. ಈ ಎರಡು ಮಾತ್ರ ನಮ್ಮ ಸೈನ್ಯದ್ದಲ್ಲ” ಎಂದರು.

“ಅಂದ್ರೆ?”

“ನಾವು ಪದಕದ ಗುರುತು ಹಿಡಿಯೂದೇ ರಿಬ್ಬನ್ ನೋಡಿ. ಕಡುಬಣ್ಣದ ನಡುವೆ ಹಳದಿ ಪಟ್ಟೆ, ಹಳದಿ ನಡುವೆ ಮಾಸಲು ಕೆಂಪು. ಇಂಥದ್ದು ನಾ ಎಲ್ಲೂ ಕಂಡಿಲ್ಲ.” ಅವರು ದನಿ ತಗ್ಗಿಸಿದರು. “ಮತ್ತೆ, ಅಂಚಿನ ಮೇಲೆ ಪಡೆದವರ ಹೆಸರು ಕೊರೆದಿರಬೇಕು. ಐದರಲ್ಲೂ ಇಲ್ಲ. ಮುಖದ ಅಕ್ಷರವೂ ಸವೆದಿದೆ. ಯಾರೋ ಬೇಕೂಂತ್ಲೇ ಉಜ್ಜಿ ತೆಗೆದ ಹಾಗೆ.”

ಚೇತನಾ ಚಹಾದ ಲೋಟ ಕೆಳಗಿಟ್ಟಳು. ಹೆಸರನ್ನು ಉಜ್ಜಿ ತೆಗೆಯುವವರು ಯಾರು? ಆ ಹೆಸರು ತನ್ನದಲ್ಲದವರು.

“ಬೇರೆಯವರ ಪದಕ ಹಾಕ್ಕೊಳ್ಳೋದು ನಮ್ಮಲ್ಲಿ ಕಳ್ಳತನಕ್ಕಿಂತ ಕಡೆ. ಗೊತ್ತಾಗದೆ ಗೋಡೆಗೆ ಹಾಕಲಿಕ್ಕೆ ಬರೂದಿಲ್ಲ. ಸೈನ್ಯದ ರೆಕಾರ್ಡ್ ಆಫೀಸಿಗೆ ಬರೆಯೋಣ, ಮನೆಯವರದೊಂದು ಸಹಿ ಬೇಕು” ಎಂದರು ನಾಗಪತಿ.

ಚೇತನಾ ಸಹಿ ಹಾಕಲಿಲ್ಲ. ಉತ್ತರ ಏನು ಬಂದೀತೋ ಎಂಬ ಹೆದರಿಕೆ. ಅಪ್ಪನನ್ನು ಸಂಶಯಿಸುವುದಕ್ಕಿಂತ ಊರವರನ್ನು ಸಂಶಯಿಸುವುದು ಸುಲಭವಾದ್ದರಿಂದ, ಚೌಕಟ್ಟನ್ನು ಬಗಲಲ್ಲಿ ಇಟ್ಟುಕೊಂಡು ನೆಟ್ಟಗೆ ದೇವಿಕೆರೆ ಹತ್ತಿರದ ಬದ್ರುದ್ದೀನನ ಅಂಗಡಿಗೆ ನಡೆದಳು. ಚೌಕಟ್ಟು ಕಟ್ಟಿದವನು ಅವನೇ. ಪದಕ ಅದಲುಬದಲಾಗಿದ್ದರೆ ಇಲ್ಲೇ ಆಗಿರಬೇಕು.

ಬದ್ರುದ್ದೀನ್ ಮೊಬೈಲ್ ತೆಗೆದು ಅವಳ ಮುಖದೆದುರು ಹಿಡಿದ. ಅವಳು ಪದಕ ಕೊಟ್ಟ ದಿನ, ಅವಳ ಎದುರೇ ತೆಗೆದ ಫೋಟೊ. ಅದೇ ಹಳದಿ, ಅದೇ ಕೆಂಪು.

“ಸಾಮಾನು ತಗೊಂಡ ಕೂಡ್ಲೇ ಫೋಟೊ ಹೊಡೀತೇನೆ ಅಕ್ಕಾ. ನಿಮ್ಮಂಥವ್ರು ಬರ್ತಾರಲ್ಲ, ಅದಕ್ಕೇ” ಎಂದ.

ಅವಳಿಗೆ ನಾಚಿಕೆಯಾಯಿತು. ಆದರೆ ಕೂತು ನಾಚಿಕೊಳ್ಳಲು ಪುರುಸೊತ್ತಿರಲಿಲ್ಲ. ಬದ್ರುದ್ದೀನ್ ಪಾರಾದ ಮೇಲೆ ಉಳಿದವನು ಅಪ್ಪ ಒಬ್ಬನೇ.

ಸಿದ್ದಾಪುರದ ಬಸ್ಸಿನಲ್ಲಿ ಕೂತವಳಿಗೆ ಒಂದೊಂದೇ ನೆನಪಾಗತೊಡಗಿತು. ಅಪ್ಪ ಪದಕ ಧರಿಸಿದ್ದನ್ನು ಅವಳು ಕಂಡೇ ಇರಲಿಲ್ಲ. ಸ್ವಾತಂತ್ರ್ಯೋತ್ಸವದ ದಿನ ಶಾಲೆಯವರು ಕರೆದರೆ ಬರೀ ಬಿಳಿ ಅಂಗಿ ತೊಟ್ಟು, ಎಲ್ಲರ ಹಿಂದೆ ನಿಂತು ಬರುತ್ತಿದ್ದ. ಯಾಕೆಂದು ಕೇಳಿದವರಿಗೆಲ್ಲ ಒಂದೇ ಉತ್ತರ: “ಬಿಸಿಲಿಗೆ ಬಣ್ಣ ಹೋಗ್ತದೆ ಮಾರಾಯಾ.” ಆಗಸ್ಟ್ ತಿಂಗಳ ಬಿಳಗಿಯಲ್ಲಿ ಬಿಸಿಲೆಲ್ಲಿಂದ ಬರಬೇಕು? ಇಷ್ಟು ಹಸಿ ಸುಳ್ಳನ್ನು ತಾನು ಇಷ್ಟು ವರ್ಷ ನಂಬಿದ್ದೆನಲ್ಲ ಎಂದು ಅವಳಿಗೆ ಸಿಟ್ಟು ಬಂತು. ಸಮವಸ್ತ್ರದಲ್ಲಿದ್ದ ಫೋಟೊ ಒಂದೇ ಒಂದು, ಅದೂ ಕಪ್ಪುಬಿಳುಪು. ಮುಚ್ಚಿಡುವವರ ಲಕ್ಷಣ ಎಷ್ಟಿವೆಯೋ ಅಷ್ಟೂ ಅಪ್ಪನಲ್ಲಿದ್ದವು.

ಬಿಳಗಿಯ ಮನೆಯಲ್ಲಿ ಅವ್ವ ದ್ಯಾವಮ್ಮ ಅವಳ ದಾರಿಯನ್ನೇ ಕಾಯುತ್ತಿದ್ದಳು. ಮಾರನೇ ದಿನ ಮಹಾನವಮಿ, ಆಯುಧಪೂಜೆ. ಪೂಜೆಗೆ ಅಪ್ಪನ ಬಿಲ್ಲೆಗಳನ್ನು ತಂದುಕೊಡು ಎಂದು ವಾರದಿಂದ ಫೋನಿನಲ್ಲಿ ಜೀವ ತಿಂದಿದ್ದಳು. ಪೂಜೆ ಮುಗಿಯಲಿ, ಆಮೇಲೆ ಕೇಳಿಯೇಬಿಡುತ್ತೇನೆ ಎಂದುಕೊಂಡು ಚೇತನಾ ಬಾಯಿ ಬಿಗಿಹಿಡಿದಳು.

ಬೆಳಿಗ್ಗೆ ಎದ್ದು ಹಿತ್ತಲಿಗೆ ಬಂದರೆ, ಅವ್ವ ಕುಕ್ಕುರುಗಾಲಲ್ಲಿ ಕೂತು ಚೌಕಟ್ಟಿನಿಂದ ಬಿಡಿಸಿದ ಪದಕಗಳನ್ನು ಹುಣಸೆಹಣ್ಣು, ಬೂದಿ ಹಚ್ಚಿ ಗಸಗಸ ತಿಕ್ಕುತ್ತಿದ್ದಳು. ಪಕ್ಕದಲ್ಲಿ ಹಿತ್ತಾಳೆ ಹರಿವಾಣವೂ ಸರದಿ ಕಾಯುತ್ತಿತ್ತು.

“ಅವ್ವಾ! ಎಂತ ಮಾಡ್ತಿದ್ದೆ?”

“ಪೂಜೆಗೆ ಇಡೂ ಸಾಮಾನು ಬೆಳಗದೇ ಇಡ್ತಾರನೇ? ವರ್ಷಾ ವರ್ಷಾ ಮಾಡೂದಲ್ಲ?”

ಅಂಚಿನ ಹೆಸರನ್ನು ಉಜ್ಜಿ ತೆಗೆದ ಕಳ್ಳ ಯಾರೆಂದು ಚೇತನಾಳಿಗೆ ಅಲ್ಲೇ ಗೊತ್ತಾಯಿತು. ನಗಬೇಕೋ ಅಳಬೇಕೋ ತಿಳಿಯದೆ ಅವ್ವನ ಹಿಂದೆಯೇ ಒಳಗೆ ಹೋದಳು. ಜಗುಲಿಯ ಮಣೆಯ ಮೇಲೆ ಕತ್ತಿ, ಕೊಡಲಿ, ಗುದ್ದಲಿಯ ಸಾಲಿಗೆ ಐದು ಪದಕ ಬಂದು ಕೂತವು. ದ್ಯಾವಮ್ಮ ಕಲಸಿದ ಅರಿಶಿನವನ್ನು ಬೆರಳಲ್ಲಿ ತೆಗೆದು ಒಂದೊಂದು ರಿಬ್ಬನ್ನಿಗೂ ಮೇಲಿನಿಂದ ಕೆಳಗೆ ಎಳೆದಳು, ಅದರ ಮೇಲೆ ಕುಂಕುಮ. ಮೂರು ರಿಬ್ಬನ್ನಿನ ಗಾಢ ಬಣ್ಣದಲ್ಲಿ ಅದು ಕಾಣಲೇ ಇಲ್ಲ. ಉಳಿದೆರಡರ ನಡುಪಟ್ಟೆಯಲ್ಲಿ ಮಾತ್ರ ಹಳದಿ, ಕೆಂಪು ಎದ್ದು ಕಂಡವು.

ಚೇತನಾ ಸೀರೆಯ ಪಿನ್ನು ಕಿತ್ತು, ಆ ಎರಡರಲ್ಲಿ ಒಂದರ ಹಿಂಬದಿಯ ಹೊಲಿಗೆ ಬಿಚ್ಚಿದಳು. ಒಳಮಡಿಕೆ ತೆರೆದುಕೊಂಡಿತು. ಅರಿಶಿನ ತಲುಪದ ಆ ಜಾಗದಲ್ಲಿ ನಡುಪಟ್ಟೆ ಶುಭ್ರ ಬಿಳಿಯಾಗಿತ್ತು.

“ನೀ ಅರಿಶಿನ ಹಚ್ಚೂದು ಅಪ್ಪಂಗೆ ಗೊತ್ತಿತ್ತಾ?”

“ಗೊತ್ತಿಲ್ದೇ? ಪೆನ್ಶನ್ ಆದ ವರ್ಷ ನವಮಿಗೆ ಮೊದ್ಲು ಹಚ್ಚಿದ್ದೆ. ಜನವರಿ ಝಂಡಾಕ್ಕೆ ಅಂತ ಕೋಟು ಹಾಕ್ಕಂಡು ಹೊರಟವ್ರು ಪೆಟ್ಟಿಗೆ ತೆಗ್ದ್ರು. ಸುಮಾರು ಹೊತ್ತು ನೋಡ್ದ್ರು. ‘ಚಂದ ಮಾಡೀದೆ’ ಅಂದ್ರು. ಮತ್ತೆ ಕೋಟು ಬಿಚ್ಚಿಟ್ರು.” ದ್ಯಾವಮ್ಮನ ದನಿ ಇಳಿಯಿತು. “ಅಲ್ಲಿಂದ ಒಂದ್ ದಿನಾನೂ ಹಾಕ್ಕಳ್ಲಿಲ್ಲ ನೋಡು. ಯಾರ್ದೋ ಬಿಲ್ಲೆ ಇರ್ಬಕು ಅಂತ ನಂಗೂ ಒಳಗೇ ಒಂದು ಅನುಮಾನ. ಅದ್ಕೇ ಮತ್ತೂ ಮತ್ತೂ ಹಚ್ತಾ ಬಂದೆ. ತಪ್ಪಿದ್ರೆ ದೇವ್ರು ಹೊಟ್ಟೆಗೆ ಹಾಕ್ಕಳ್ಲಿ ಅಂತ.”

ಅಪ್ಪ ಕೋಟು ಬಿಚ್ಚಿಟ್ಟದ್ದು ಯಾಕೆಂದು ಚೇತನಾಳಿಗೆ ಈಗ ಹೊಳೆಯಿತು. ಹೊಸ ರಿಬ್ಬನ್ ಹಾಕಿಸಿದ್ದರೆ ಅವ್ವ ಯಾಕೆಂದು ಕೇಳುತ್ತಿದ್ದಳು. ಕೇಳಿದರೆ ಹೇಳಬೇಕಾಗುತ್ತಿತ್ತು. ಅಪ್ಪ ಅದರ ಬದಲು ಬಿಳಿ ಅಂಗಿಯಲ್ಲಿ ಎಲ್ಲರ ಹಿಂದೆ ನಿಂತ, ಕಟ್ಟಿಕೊಂಡ ಹೆಂಡತಿಯ ಅನುಮಾನವನ್ನೂ ಹೊತ್ತುಕೊಂಡು. ತಾನಾದರೂ ಮಾಡಿದ್ದೇನು? ಅವನನ್ನು ಕಳ್ಳನೆಂದುಕೊಂಡು ಬಸ್ಸು ಹತ್ತಿದ್ದಳು.

ಹೇಳಬಾರದು ಎಂದು ಒಂದು ಕ್ಷಣ ಅನ್ನಿಸಿತು. ಅಪ್ಪ ಕಾಪಾಡಿಕೊಂಡು ಬಂದದ್ದನ್ನು ತಾನು ಕೆಡಿಸುವುದೇ? ಆದರೆ ಅವ್ವ ಆ ಅನುಮಾನ ಇಟ್ಟುಕೊಂಡೇ ಕಣ್ಣು ಮುಚ್ಚುವುದು ಅವಳಿಂದ ತಾಳಲಾಗದ ಮಾತು. ಬಿಳಿ ಮಡಿಕೆಯನ್ನು ತೋರಿಸಿ ಎಲ್ಲ ಹೇಳಿದಳು. ದ್ಯಾವಮ್ಮ ಕುಂಕುಮದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಗಂಡ ಸತ್ತ ದಿನ ಅತ್ತದ್ದಕ್ಕಿಂತ ಹೆಚ್ಚು ಅತ್ತಳು.

ಹಬ್ಬ ಮುಗಿದ ಮೇಲೆ ತಾಯಿ ಮಗಳು ಇಬ್ಬರೂ ಶಿರಸಿಗೆ ಹೋದರು. ನಾಗಪತಿ ಎರಡೂ ರಿಬ್ಬನ್ನಿನ ಬಿಳಿ ಮಡಿಕೆ ನೋಡಿದ ಕೂಡಲೇ ಎರಡೂ ಪದಕದ ಹೆಸರು ಹೇಳಿದರು. ಎರಡೂ ಯುದ್ಧಕಾಲದವು. ಅವರಿಗೂ ಮುಜುಗರವಾಗಿತ್ತು.

“ಹೊಸ ರಿಬ್ಬನ್ ತರಿಸ್ತೇನೆ. ಯಾರಿಗೂ ಏನೂ ಗೊತ್ತಾಗೂದಿಲ್ಲ” ಎಂದರು.

“ಬ್ಯಾಡ್ರಾ” ಎಂದಳು ದ್ಯಾವಮ್ಮ. “ಹಾಂಗೇ ತೂಗ್ಹಾಕಿ. ಇದೆಂತಾ ಬಣ್ಣ ಅಂತ ಕೇಳಿದವ್ರಿಗೆ, ಅವ್ರ ಹೆಂಡ್ತಿ ಹಾಳು ಮಾಡಿದ್ದು ಅಂತ ಹೇಳಿ. ನನ್ನ ಹೆಸ್ರು ಬರ್ಬಾರ್ದು ಅಂತ ಅವ್ರು ಜೀವ ಇರೂ ತನಕ ಹಿಂದೆ ನಿಂತ್ರು. ಈಗ ಅವ್ರು ಮುಂದೆ ನಿಲ್ಲೂದು ಬ್ಯಾಡ್ವಾ?”